ಕೊನೆಯ ಸಾಲಿನಲ್ಲಿ ತಲೆಯಾಡಿಸುವ ಅಕ್ಕೋರು

ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ಇನ್ನೂ ಮುಖ ಕಾಣುವಷ್ಟು ಬೆಳಕಾಗಿಲ್ಲ. ಜನವರಿಯ ಚಳಿ ಎಲುಬಿಗೇ ಇಳಿಯುತ್ತಿದೆ. ಸ್ವೆಟರಿನ ಮೇಲೆ ಸೆರಗನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡ ಹೆಂಗಸೊಬ್ಬರು ಸ್ಕೂಟಿಗೆ ಒರಗಿ ನಿಂತಿದ್ದಾರೆ. ಅವರಿಂದ ಕೂಗಳತೆಯ ದೂರದಲ್ಲಿ, ಕೊರಳಿಗೆ ದುರ್ಬೀನು ತೂಗುಹಾಕಿಕೊಂಡ ಒಬ್ಬ ಹುಡುಗಿ. ಹೆಂಗಸು ಇದ್ದಕ್ಕಿದ್ದಂತೆ ದನಿ ಏರಿಸಿ, ಥೇಟ್ ದೊಡ್ಡಾಟದ ಧಾಟಿಯಲ್ಲಿ ಕೇಳುತ್ತಾರೆ: "ಬಂದಂಥವರು ದಾರು? ತಮ್ಮ ಸ್ಥಳ, ನಾಮಾಂಕಿತವೇನು? ಈ ಸಭೆಗೆ ಬಂದ ಕಾರಣವೇನು?"

ಹುಡುಗಿ ತನ್ನ ಹೆಸರು ಹೇಳುತ್ತಾಳೆ. ಅದು ಅವಳ ಕಾಲಬುಡದಲ್ಲೇ ಬಿದ್ದುಹೋಗುತ್ತದೆ. ಅಷ್ಟರಲ್ಲಿ ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದ ಪಟ್ಟೆತಲೆಯ ಹೆಬ್ಬಾತುಗಳು ಸಾಲುಗಟ್ಟಿ ಕೆರೆಗೆ ಇಳಿಯತೊಡಗುತ್ತವೆ. ಸಂತೆಯೇ ನೀರಿಗಿಳಿದಂಥ ಗದ್ದಲ. "ಜೋರ! ಹಕ್ಕಿ ದನಿ ಮ್ಯಾಲ ನಿನ್ನ ದನಿ ಬರಬೇಕು," ಎನ್ನುತ್ತಾರೆ ಹೆಂಗಸು. ಹುಡುಗಿ ಮತ್ತೆ ಹೇಳುತ್ತಾಳೆ. ಹೆಸರು ಕೇಳಿಸುತ್ತದೆ, ಊರು ಅರ್ಧ ಕೇಳಿಸುತ್ತದೆ. ಯಾರ ಮಗಳು ಎಂಬಲ್ಲಿಗೆ ಬಂದಾಗ ಬಾಯಿ ಮುಚ್ಚಿಹೋಗುತ್ತದೆ. ಹೆಂಗಸು ಬಯ್ಯುವುದಿಲ್ಲ. ಚಹಾದ ಥರ್ಮಾಸು ತೆಗೆದು, "ಬಾ, ಮೊದಲ ಚಾ ಕುಡಿ. ಆಮ್ಯಾಲ ಮತ್ತೊಮ್ಮೆ," ಎನ್ನುತ್ತಾರೆ.

ಇವರು ಡಾ. ನೇತ್ರಾ ಮಾದರ. ಊರು ಗದಗ ತಾಲೂಕಿನ ಹರ್ತಿ, ಈಗ ಇರುವುದು ಬೆಟಗೇರಿಯಲ್ಲಿ. ವಯಸ್ಸು ನಲವತ್ತನಾಲ್ಕು. ಲಕ್ಷ್ಮೇಶ್ವರದ ಒಂದು ಕಾಲೇಜಿನಲ್ಲಿ ನಾಲ್ಕು ದಿನ, ಶಿರಹಟ್ಟಿಯಲ್ಲಿ ಎರಡು ದಿನ ಪ್ರಾಣಿಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಆದೇಶ, ಸೂಟಿ ಬಂದರೆ ಸಂಬಳಕ್ಕೂ ಸೂಟಿ. ಸ್ಟಾಫ್ ರೂಮಿನಲ್ಲಿ ಅವರದೇ ಎನ್ನುವ ಕುರ್ಚಿ ಇಲ್ಲ. ಯಾರು ಪಾಠಕ್ಕೆ ಹೋಗಿರುತ್ತಾರೋ ಅವರದ್ದರಲ್ಲಿ ಕೂರುತ್ತಾರೆ. ಹೀಗೆ ತಮಗೇ ನೆಲೆ ಇಲ್ಲದವರು ಕಳೆದ ಹತ್ತು ಹನ್ನೊಂದು ವರ್ಷಗಳಿಂದ, ಮನೆತನದಲ್ಲಿ ಮೊದಲ ಬಾರಿಗೆ ಪಿಎಚ್.ಡಿ.ಗೆ ಕಾಲಿಟ್ಟ ಹುಡುಗ ಹುಡುಗಿಯರಿಗೆ ನೆಲೆಯಾಗಿದ್ದಾರೆ. ಇದಕ್ಕೆ ಯಾರೂ ಅವರನ್ನು ನೇಮಿಸಿಲ್ಲ. ಗೈಡ್‌ಗಳ ಪಟ್ಟಿಯಲ್ಲಿ ಅವರಿಲ್ಲ. ಮಹಾಪ್ರಬಂಧಗಳ ಮೊದಲ ಪುಟದಲ್ಲಿ ಕೃತಜ್ಞತೆ ಹೇಳುವಾಗ ಮಾತ್ರ, ದೇವರು ಮತ್ತು ತಂದೆತಾಯಿಗಳ ನಡುವೆ ಎಲ್ಲೋ, "ನಮ್ಮ ಅಕ್ಕೋರು" ಎಂದು ಬರುತ್ತದೆ. ಈ ಸೀಮೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ.

ನಾನು ಮೊದಲ ಸಲ ಅವರ ಮನೆಗೆ ಹೋದಾಗ ಪತ್ರಿಕೆಯ ಹೆಸರು ಹೇಳಿ ಒಳಗೆ ಕಾಲಿಟ್ಟೆ. ಅಕ್ಕೋರು ಬಾಗಿಲಲ್ಲೇ ತಡೆದು, "ಪತ್ರಿಕಿ ಹೆಸರ ಆತು. ತಾವು ದಾರು?" ಎಂದರು. ನಗುತ್ತಲೇ ಕೇಳಿದರು, ಆದರೆ ಉತ್ತರ ಬರುವವರೆಗೂ ಬಾಗಿಲು ಬಿಡಲಿಲ್ಲ. ನಾನು ತೊದಲಿದೆ. ಎಷ್ಟೋ ವರ್ಷ ಪತ್ರಿಕೆಯ ಹೆಸರಿನ ಮರೆಯಲ್ಲೇ ಎಲ್ಲರ ಮನೆ ಹೊಕ್ಕವರಿಗೆ, ಯಾವ ಊರು, ಯಾರ ಮನೆ ಮಗು ಎಂದು ಹೇಳುವುದು ಸಲೀಸಲ್ಲ.

ಆ ಪ್ರಶ್ನೆ ಅವರಪ್ಪನ ಆಸ್ತಿ. ಉಡಚಪ್ಪ ಹರ್ತಿಯಲ್ಲಿ ಕೂಲಿ ಮಾಡುತ್ತಿದ್ದರು, ಊರ ದೊಡ್ಡಾಟದಲ್ಲಿ ಸಾರಥಿಯಾಗುತ್ತಿದ್ದರು. ಆಟದಲ್ಲಿ ಯಾವ ಪಾತ್ರ ರಂಗಕ್ಕೆ ಬಂದರೂ ಸಾರಥಿ ಎದುರುಗೊಂಡು ನೀವು ಯಾರು, ಎಲ್ಲಿಯವರು, ಯಾಕೆ ಬಂದಿರಿ ಎಂದು ಕೇಳಬೇಕು. ಪಾತ್ರ ಎದೆ ಸೆಟೆಸಿ ತನ್ನ ಊರು, ಕುಲ, ಹೆಸರು, ಬಂದ ಕಾರಣ ಹೇಳಿಕೊಳ್ಳಬೇಕು. ಆಮೇಲೆಯೇ ಆಟ. ಕಿರೀಟದ ಪಾತ್ರಗಳನ್ನು ಉಡಚಪ್ಪನ ಕೇರಿಯವರಿಗೆ ಕೊಡುತ್ತಿರಲಿಲ್ಲ. ಅದರ ಬಗ್ಗೆ ಅವರಿಗೆ ಸಿಟ್ಟಿತ್ತೇ ಎಂದು ಮಗಳನ್ನು ಕೇಳಿದರೆ, ಇತ್ತು, ಆದರೆ ಅದನ್ನು ನಗೆಯಲ್ಲಿ ಸುತ್ತಿ ಇಡುತ್ತಿದ್ದರು ಎನ್ನುತ್ತಾರೆ. "ಅಪ್ಪ ಅಂತಿದ್ದ, ಎಂಥಾ ರಾಜ ಬಂದ್ರೂ ಮೊದಲ ನನ್ನ ಮುಂದ ನಿಂತು ತಾ ಯಾರಂತ ಹೇಳಬೇಕು ಅಂತ. ನಮ್ಮ ಹುಡುಗರು ಸೆಮಿನಾರಿಗೆ ಹೋಗಿ ತಲಿ ತಗ್ಗಿಸಿ ಸೀದಾ ಸ್ಲೈಡ್ ಹಾಕ್ತಾರ್ರಿ. ಯಾರಂತ ಹೇಳೂದಿಲ್ಲ, ಎಲ್ಲಿಂದ ಬಂದೇನಂತ ಹೇಳೂದಿಲ್ಲ. ಕದ್ದು ಬಂದವರಂಗ ಮಾತಾಡ್ತಾರ."

ಹಾಗಾಗಿ ಅಕ್ಕೋರ ತಾಲೀಮು ಸಾರಥಿಯ ಪ್ರಶ್ನೆಯಿಂದಲೇ ಶುರು. ಮಳೆಗಾಲ, ಬೇಸಗೆಯಲ್ಲಿ ಇದು ಅವರ ಮನೆಯ ಮಾಳಿಗೆಯ ಮೇಲೆ ನಡೆಯುತ್ತದೆ, ಹೆಬ್ಬಾತು ಬರುವ ಚಳಿಗಾಲದಲ್ಲಿ ಕೆರೆಯ ಏರಿಗೆ ಬದಲಾಗುತ್ತದೆ. ಹೆಸರು, ಊರು, ತಂದೆತಾಯಿ, ಬಂದ ಕಾರಣ: ಇಷ್ಟು ಗಟ್ಟಿಯಾಗಿ ಹೇಳುವವರೆಗೂ ಸಂಶೋಧನೆಯ ಮಾತಿಲ್ಲ. ಕೆಲವರಿಗೆ ಒಂದು ಭಾನುವಾರ ಸಾಕು. ಕೆಲವರಿಗೆ ಇಡೀ ಚಳಿಗಾಲ ಬೇಕು.

ಉಳಿದ ಕಲಿಕೆಯೂ ಹೀಗೇ, ಯಾವ ಪಠ್ಯದಲ್ಲೂ ಇಲ್ಲದ್ದು. ಗೈಡ್‌ನ ಕೋಣೆಗೆ ಹೋದಾಗ ಕುಳಿತುಕೊಳ್ಳುವುದು ಒಂದು ಪಾಠ. ದೊಡ್ಡವರ ಎದುರು ನಿಂತೇ ಬೆಳೆದ ಮಕ್ಕಳು ಒಂದು ತಾಸು ನಿಂತೇ ಚರ್ಚೆ ಮಾಡಿ ಬರುತ್ತಾರೆ. ಗೈಡ್ "ಕೂತ್ಕೊಳ್ಳಿ" ಎಂದರೂ ಅದನ್ನು ಬಾಯುಪಚಾರ ಎಂದುಕೊಳ್ಳುತ್ತಾರೆ. ಇಮೇಲ್ ಬರೆಯುವುದು ಇನ್ನೊಂದು ಪಾಠ. ಒಬ್ಬ ಹುಡುಗ ಬರೆದ ಮೇಲ್‌ನಲ್ಲಿ ಮೊದಲ ಸಾಲಿಗೆ ಕ್ಷಮೆ, ಕೊನೆಯ ಸಾಲಿಗೆ ಕ್ಷಮೆ ಇತ್ತು. ನಡುವೆ ಕೇಳಬೇಕಾದ ಪ್ರಶ್ನೆಯೇ ಇರಲಿಲ್ಲ. ಆ ಹುಡುಗ, ಬೆಟಗೇರಿಯ ಶಫೀಕ, ಈಗ ವಿಜಯಪುರದಲ್ಲಿ ಕಾಲೇಜು ಮೇಷ್ಟ್ರು. ಫೋನಿನಲ್ಲಿ ಸಿಕ್ಕಾಗ ಅದನ್ನು ನೆನೆದು ತಾನೇ ಬಿದ್ದುಬಿದ್ದು ನಗುತ್ತಾನೆ. ಗದಗ ಬಸ್ ನಿಲ್ದಾಣದಲ್ಲಿ ಲಕ್ಷ್ಮೇಶ್ವರದ ಬಸ್ ಬರುವವರೆಗೆ ಅಕ್ಕೋರು ಹುಡುಗರ ಅಧ್ಯಾಯಗಳನ್ನು ಓದಿ, ಕೆಂಪು ಪೆನ್ನಿಗೆ ಬದಲು ಹಸಿರು ಪೆನ್ನಿನಲ್ಲಿ ತಿದ್ದುತ್ತಾರೆ. ಕೆಂಪು ಕಂಡರೆ ಹುಡುಗರು ಹೆದರುತ್ತಾರಂತೆ.

ಆದರೆ ಅವರನ್ನೇ ನಿಮ್ಮ ಕೆಲಸವೇನು ಎಂದು ಕೇಳಿ ನೋಡಿ. ಇದ್ಯಾವುದನ್ನೂ ಹೇಳುವುದಿಲ್ಲ. "ನಾ ಏನೂ ಮಾಡೂದಿಲ್ಲರಿ. ಅವರು ಮಾತಾಡೂ ಮುಂದ ಹಿಂದಿನ ಸಾಲಿನ್ಯಾಗ ಕುಂತು ತಲಿ ಆಡಸ್ತೀನಿ. ಅಷ್ಟ."

ತಮಾಷೆಯ ಮಾತಲ್ಲ. ಅವರ ಹುಡುಗರು ಎಲ್ಲೇ ಪ್ರಬಂಧ ಮಂಡಿಸಲಿ, ಧಾರವಾಡವೋ ಬಳ್ಳಾರಿಯೋ, ಅಕ್ಕೋರು ಆ ದಿನದ ಪಗಾರ ಬಿಟ್ಟು, ಕೆಂಪು ಬಸ್ಸು ಹಿಡಿದು ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತಾರೆ. ವೇದಿಕೆಯ ಮೇಲಿನ ಹುಡುಗ ತಲೆಯೆತ್ತಿದರೆ ಅಷ್ಟು ಜನರ ನಡುವೆ ಒಂದು ಗುರುತಿನ ಮುಖ, ಹೌದು ಹೌದು ಎನ್ನುತ್ತಿರುವ ಮುಖ ಕಾಣಬೇಕು. ಇದನ್ನು ಅವರಿಗೆ ಕಲಿಸಿದ್ದು ಒಬ್ಬ ಜವಾನ.

ಅಕ್ಕೋರು ಸಂಶೋಧನೆಗೆ ಸೇರಿದ ಹೊಸತು. ಪರ ಊರಿನ ದೊಡ್ಡ ಸಭಾಂಗಣ, ಜೀವನದ ಮೊದಲ ಮಂಡನೆ. ಎರಡನೆಯ ವಾಕ್ಯಕ್ಕೇ ನಾಲಗೆ ಒಣಗಿತು. ಮುಂದಿನ ಸಾಲಿನವರು ಫೋನು ನೋಡುತ್ತಿದ್ದರು, ನಡುವಿನವರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಓಡಿಹೋಗೋಣವೆಂದು ಬಾಗಿಲ ಕಡೆ ನೋಡಿದರೆ, ಅಲ್ಲಿ ನೀರಿನ ಬಾಟಲಿಗಳ ಟ್ರೇ ಹಿಡಿದು ನಿಂತಿದ್ದ ವಯಸ್ಸಾದ ಜವಾನ ನಜೀರಸಾಬರು ಇವರನ್ನೇ ನೋಡುತ್ತ ಮೆಲ್ಲಗೆ ತಲೆಯಾಡಿಸಿದರು. ಇನ್ನೊಂದು ವಾಕ್ಯ ಬಂತು. ಅವರು ಮತ್ತೆ ತಲೆಯಾಡಿಸಿದರು. ಹಾಗೇ ಹದಿನೈದು ನಿಮಿಷ, ಇಡೀ ಸಭೆಯನ್ನು ಬಿಟ್ಟು, ನೇತ್ರಾ ನಜೀರಸಾಬರೊಬ್ಬರಿಗೇ ಮೀನಿನ ಮರಿಗಳ ಬಗ್ಗೆ ಹೇಳಿ ಮುಗಿಸಿದರು. ಆಮೇಲೆ ಹೋಗಿ ಮಾತಾಡಿಸಿದಾಗ ಆ ಹಿರಿಯರು ಹೇಳಿದ್ದನ್ನು ಅಕ್ಕೋರು ಈಗಲೂ ಕಣ್ಣು ತುಂಬಿಕೊಂಡೇ ಹೇಳುತ್ತಾರೆ: "ನನಗ ಒಂದ ಮಾತೂ ತಿಳೀಲಿಲ್ಲವ್ವಾ. ಆದ್ರ ನಮ್ಮ ಕಡೆ ಹುಡುಗಿ, ಬೀಳಬಾರದು ಅನಿಸ್ತು."

ಈಗ ಕೆರೆಯ ಏರಿಯ ಮೇಲೆ ಚಹಾ ಕುಡಿಯುತ್ತಿರುವ ಹುಡುಗಿಗೆ ಬರೋಣ. ಪ್ರಿಯಾಂಕಾ, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವಳು. ಅಕ್ಕೋರಿಗೆ ನಂಟಲ್ಲ, ಅಡ್ಡಹೆಸರು ಮಾತ್ರ ಒಂದೇ. ಹೆಬ್ಬಾತುಗಳು ರೈತರ ಹೊಲಗಳಲ್ಲಿ ಏನನ್ನು ಮೇಯುತ್ತವೆ, ಎಷ್ಟನ್ನು ನಿಜವಾಗಿ ಹಾಳು ಮಾಡುತ್ತವೆ ಎಂಬುದು ಅವಳ ಸಂಶೋಧನೆ. ಕಡಲೆ, ಶೇಂಗಾದ ಹೊಲಗಳಲ್ಲಿ ಮೊಣಕಾಲೂರಿ ಹಿಕ್ಕೆ ಆರಿಸಿ, ಒಣಗಿಸಿ, ಸೋಸಿ ನೋಡುವ ಕೆಲಸ. ಕೆಲಸದಲ್ಲಿ ಅವಳನ್ನು ಮೀರಿಸುವವರು ಕಡಿಮೆ ಎಂದು ಅವಳ ಗೈಡೇ ಹೇಳುತ್ತಾರೆ. ಆದರೆ ಮಹಾಪ್ರಬಂಧ ಸಲ್ಲಿಸಲು ವಿಚಾರ ಸಂಕಿರಣದಲ್ಲಿ ಮಂಡನೆ ಆಗಿರಲೇಬೇಕು. ಅದಕ್ಕೆ ಕೊಟ್ಟ ಗಡುವು ಈ ಬೇಸಗೆಗೆ ಮುಗಿಯುತ್ತದೆ. ಉಳಿದಿರುವುದು ಧಾರವಾಡದ ಒಂದೇ ಒಂದು ಸಂಕಿರಣ. ಅದೂ ತಪ್ಪಿದರೆ ಗದಗದ ಬಟ್ಟೆ ಅಂಗಡಿಯೊಂದರಲ್ಲಿ ಅವಳಿಗಾಗಿ ಕೆಲಸ ಕಾದಿದೆ. ಸೀರೆ ಬಿಚ್ಚಿ ತೋರಿಸುವ ಕೆಲಸ. ಹೋಗುತ್ತೇನೆಂದು ಮಾಲೀಕರಿಗೆ ಮಾತನ್ನೂ ಕೊಟ್ಟಾಗಿದೆ.

ಯಾಕೆ ಹೀಗಾಯಿತು? ಹೋದ ವರ್ಷ, ಅಕ್ಕೋರ ಒಂದು ದಿನದ ಪಗಾರ ಹೋದೀತೆಂದು ಅವರಿಗೂ ಹೇಳದೆ, ಬೇರೊಂದು ಊರಿನ ಸಂಕಿರಣಕ್ಕೆ ಅವಳು ಹೋಗಿದ್ದಳು. ಒಂದು ತಾಸು ಮೊದಲೇ ಮುಟ್ಟಿದ್ದಳು. ಹೆಸರಿನ ಬಿಲ್ಲೆ ಕೊಟ್ಟರು, ಎರವಲು ತಂದು ಉಟ್ಟಿದ್ದ ಗೆಳತಿಯ ಹೊಸ ಸೀರೆಗೆ ಪಿನ್ನು ಚುಚ್ಚಿದರೆ ಹರಿದೀತೆಂದು ಅದನ್ನು ಚೀಲದಲ್ಲಿಟ್ಟುಕೊಂಡಳು. ಪಡಸಾಲೆಯಲ್ಲಿ ಚಹಾ ನಡೆದಿತ್ತು. ಕುಡಿದ ಕಪ್ಪುಗಳು ಮೇಜು, ಕಿಟಕಿ, ಕುರ್ಚಿಯ ಕೈ, ಸಿಕ್ಕಸಿಕ್ಕಲ್ಲಿ. ಮನೆಗೆ ಬಂದವರ ಚಹಾ ಮುಗಿದ ಮೇಲೆ ಎಂಜಲು ಕಪ್ಪನ್ನು ಹಾಗೇ ಬಿಟ್ಟು ಮನೆಯ ಹೆಣ್ಣುಮಗಳು ಕೂರುವುದುಂಟೇ? ಅವಳ ಕೈ ಸುಮ್ಮನಿರಲಿಲ್ಲ, ಹತ್ತಿರದ ನಾಲ್ಕು ಕಪ್ಪು ಎತ್ತಿದಳು. ರೇಷ್ಮೆ ಸೀರೆಯ ಸಂಘಟಕಿಯೊಬ್ಬರು ಹೋಗುವಾಗ ತಿರುಗಿ, ಆ ಕಡೆಯ ಮೇಜೂ ನೋಡಮ್ಮ ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಿಂದಿನ ಬಾಗಿಲಿನಲ್ಲಿ ಅಡುಗೆಯವರು ಟ್ರೇ ಕೊಟ್ಟರು. ಧ್ವನಿವರ್ಧಕದಲ್ಲಿ ತನ್ನ ಹೆಸರನ್ನು ಎರಡೆರಡು ಸಲ ಕರೆದದ್ದು ಅವಳಿಗೆ ಕೇಳಿಸಿತು. ಆಗ ಅವಳ ಕೈ ಮೊಣಕೈವರೆಗೂ ಸಾಬೂನಿನ ನೀರಿನಲ್ಲಿತ್ತು.

ಗೈಡ್‌ಗೆ ಜ್ವರ ಬಂದಿತ್ತೆಂದಳು. ಗೆಳತಿಗೆ ಚೆನ್ನಾಗಿ ಆಯಿತೆಂದಳು. ಬೆಟಗೇರಿಗೆ ಬಂದು, ಅಕ್ಕೋರಿಂದ ತಂದಿದ್ದ ಪುಸ್ತಕಗಳನ್ನು ಮರಳಿಸಿ, ಅಂಗಡಿಗೆ ಸೇರುತ್ತೇನೆ ಎಂದಾಗಷ್ಟೇ ನಿಜ ಹೊರಬಿತ್ತು. ಅಕ್ಕೋರು ಉಪದೇಶ ಮಾಡಲಿಲ್ಲ. ಪುಸ್ತಕಗಳನ್ನು ಮತ್ತೆ ಅವಳ ಚೀಲಕ್ಕೇ ತುರುಕಿ, ಮರುದಿನ ಅವಳನ್ನು ಕರೆದುಕೊಂಡು ಮುಂಡರಗಿ ಬಸ್ಸು ಹತ್ತಿ, ಸಿಂಗಟಾಲೂರಿನ ಅವಳ ಮನೆಗೇ ಹೋದರು. ತಾಯಿ ಕರಿಯವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಗಂಡ ತೀರಿಕೊಂಡ ಮೇಲೆ ಊರ ಮಕ್ಕಳ ತಾಟು ತೊಳೆಯುತ್ತಲೇ ತಮ್ಮ ಮಗಳನ್ನು ಎಂ.ಎಸ್ಸಿ. ದಾಟಿಸಿದವರು. ಮಗಳು ಎಲ್ಲವನ್ನೂ ಹೇಳುವಾಗ ಒಲೆಯ ಮುಂದೆ ಬೆನ್ನು ಹಾಕಿ ಕೂತೇ ಕೇಳಿಸಿಕೊಂಡರಂತೆ. ಅವರು ಹೇಳಿದ್ದನ್ನು ನನ್ನ ಮುಂದೆಯೂ ಹೇಳಿದರು, ಆದರೆ ಈ ಸಲ ನನ್ನ ಕಡೆ ಮುಖ ಮಾಡಿಯೇ: "ತೊಳೆಯೂದು ಹೀನ ಕೆಲಸಲ್ಲರಿ, ಅದನ್ನ ಮಾಡೇ ನಾವು ಉಂಡೀವಿ. ಆದ್ರ ಆಕಿನ್ನ ಅಲ್ಲಿ ಮಾತಾಡಾಕ ಕರದಿದ್ರು. ನಾ ತೊಳೆದದ್ದು ಸಾಕು. ಆಕಿ ಮಾತಾಡಿ ಬರ್ಲಿ."

ಅಂದಿನಿಂದ ಪ್ರತಿ ಶನಿವಾರ ಸಂಜೆ ಪ್ರಿಯಾಂಕಾ ಬೆಟಗೇರಿಯಲ್ಲಿ ಇಳಿಯುತ್ತಾಳೆ, ಭಾನುವಾರ ನಸುಕಿಗೆ ಸ್ಕೂಟಿಯ ಹಿಂದೆ ಕೂತು ಮಾಗಡಿ ಕೆರೆಗೆ ಬರುತ್ತಾಳೆ. ಹಕ್ಕಿಗಳ ಎಣಿಕೆಯೂ ಆಗುತ್ತದೆ, ತಾಲೀಮೂ ಆಗುತ್ತದೆ. ಸ್ಲೈಡುಗಳೆಲ್ಲ ಬಾಯಿಪಾಠ. ಯಾರ ಮಗಳು ಎಂಬಲ್ಲಿ ಮಾತ್ರ ಇನ್ನೂ ತಡೆಯುತ್ತದೆ. ಅವ್ವನ ಕೆಲಸ ಹೇಳಿದರೆ ಎದುರಿನವರು ಮತ್ತೆ ಕಪ್ಪು ಕೈಗಿಟ್ಟಾರು ಎಂಬ ಭಯ ಅವಳದು. ಆ ಭಯವನ್ನೂ ನನ್ನೆದುರು ಬಾಯಿಬಿಟ್ಟೇ ಹೇಳಿದಳು. ಅಕ್ಕೋರು ಅದಕ್ಕೂ ಬೇಸರಪಡುವುದಿಲ್ಲ. ಹಿಂದಿರುಗುವ ದಾರಿಯಲ್ಲಿ ಅವರ ಸ್ವಂತ ಆಸೆ ಏನೆಂದು ಕೇಳಿದೆ. ಕಾಯಂ ನೌಕರಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ನಾಚಿಕೊಂಡು, "ಒಮ್ಮೆ ಸೆಮಿನಾರಿನ್ಯಾಗ ಸುಮ್ಮನ ಕುಂತು ಕೇಳಬೇಕಂತ ಭಾಳ ಆಸೆ ಐತ್ರಿ. ತಲಿ ಆಡಸೂದ್ರಾಗ ವಿಷಯಾನ ತಲಿಗೆ ಹೋಗೂದಿಲ್ಲ," ಎಂದರು.

ಧಾರವಾಡದ ದಿನ ನಾನೂ ಜೊತೆಗಿದ್ದೇನೆ. ಬಾಗಿಲಲ್ಲೇ ಅಕ್ಕೋರು ಬಿಲ್ಲೆಯನ್ನು ಪ್ರಿಯಾಂಕಾಳ ಸೀರೆಗೆ ತಮ್ಮ ಕೈಯಿಂದಲೇ ಚುಚ್ಚುತ್ತಾರೆ. ಸೀರೆ ಈ ಸಲ ಅವಳದೇ, ಕರಿಯವ್ವ ಕೊಡಿಸಿದ್ದು. ಚಹಾದ ಹೊತ್ತು. ಮತ್ತೆ ಅಂಥದ್ದೇ ಪಡಸಾಲೆ, ಹಾಗೇ ಸಿಕ್ಕಸಿಕ್ಕಲ್ಲಿ ಕಪ್ಪುಗಳು. ಪ್ರಿಯಾಂಕಾ ಎರಡೂ ಕೈಯಲ್ಲಿ ತನ್ನ ಕಪ್ಪನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಾಳೆ, ಬಿಟ್ಟರೆ ಕೈ ಎಲ್ಲಿಗೆ ಹೋಗುತ್ತದೋ ಎನ್ನುವಂತೆ.

ಆಗಬಾರದ್ದು ಆಗಿಯೇ ಬಿಡುತ್ತದೆ. ಯಾರೊಂದಿಗೋ ಮಾತಿನಲ್ಲಿ ಮುಳುಗಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು, ಬಿಲ್ಲೆಯನ್ನು ನೋಡದೆ, ಮುಖವನ್ನೂ ಸರಿಯಾಗಿ ನೋಡದೆ, ಖಾಲಿ ಕಪ್ಪನ್ನು ಅವಳತ್ತ ಚಾಚಿ, "ತಗೋಮ್ಮ" ಎನ್ನುತ್ತಾರೆ. ಅವಳ ಒಂದು ಕೈ ತಾನಾಗಿಯೇ ಅದನ್ನು ಹಿಡಿಯುತ್ತದೆ. ನಾನು ಮುಂದೆ ಹೋಗಬೇಕೆನ್ನುವಷ್ಟರಲ್ಲಿ ಅಕ್ಕೋರು ನನ್ನ ತೋಳು ಹಿಡಿದು ನಿಲ್ಲಿಸುತ್ತಾರೆ. ಪ್ರಿಯಾಂಕಾ ಆ ಖಾಲಿ ಕಪ್ಪನ್ನು ನೋಡುತ್ತಾಳೆ. ಆಮೇಲೆ ಅದನ್ನು ಅವರ ಪಕ್ಕದ ಮೇಜಿನ ಮೇಲೇ ಇಟ್ಟು ತಲೆಯೆತ್ತುತ್ತಾಳೆ. "ಸರ್, ನಾನು ಪ್ರಿಯಾಂಕಾ, ಸಿಂಗಟಾಲೂರಾಕಿ. ಚಾ ಆದ ಮ್ಯಾಲ ಮೊದಲ ಮಾತು ನಂದ ಐತ್ರಿ. ತಾವು ಕೇಳಾಕ ಬರ್ರಿ." ದನಿ ದೊಡ್ಡದೇನಲ್ಲ. ಆದರೆ ನಾಲ್ಕು ಜನ ತಿರುಗಿ ನೋಡುವಷ್ಟಿದೆ. ಪ್ರಾಧ್ಯಾಪಕರ ಮುಖ ಕೆಂಪಾಗುತ್ತದೆ, ತಪ್ಪಾಯಿತೆಂದು ಕೈ ಮುಗಿಯುತ್ತಾರೆ. ಕೆಟ್ಟವರಲ್ಲ. ಹೇಳಿದಂತೆ ಬಂದು ಎರಡನೆಯ ಸಾಲಿನಲ್ಲಿ ಕೂರುತ್ತಾರೆ.

ಅಧ್ಯಕ್ಷರು ಸಮಯ ಕಡಿಮೆ, ನೇರವಾಗಿ ವಿಷಯಕ್ಕೆ ಬನ್ನಿ ಎನ್ನುತ್ತಾರೆ. ಪ್ರಿಯಾಂಕಾ ಮೈಕಿನ ಮುಂದೆ ನಿಂತು ಕೊನೆಯ ಸಾಲಿನತ್ತ ನೋಡುತ್ತಾಳೆ. ಅಕ್ಕೋರು ಮೆಲ್ಲಗೆ ತಲೆಯಾಡಿಸುತ್ತಾರೆ. ಅವಳು ವಿಷಯಕ್ಕೆ ಬರುವುದಿಲ್ಲ. "ನನ್ನ ಹೆಸರು ಪ್ರಿಯಾಂಕಾ ಮಾದರ. ಊರು ಮುಂಡರಗಿ ತಾಲೂಕಿನ ಸಿಂಗಟಾಲೂರು. ಶಾಲೆಯಲ್ಲಿ ಬಿಸಿಯೂಟ ಮಾಡುವ ಕರಿಯವ್ವನ ಮಗಳು. ಹೆಬ್ಬಾತು ನಮ್ಮ ರೈತರ ಹೊಲದಲ್ಲಿ ನಿಜವಾಗಿ ಏನು ತಿನ್ನುತ್ತದೆ ಎಂದು ಹೇಳಲು ಬಂದಿದ್ದೇನೆ." ಸಾರಥಿಯ ಮೂರೂ ಪ್ರಶ್ನೆಗೆ ಉತ್ತರ ಬಂತು. ಪಕ್ಕದಲ್ಲಿ ಅಕ್ಕೋರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ, ತಲೆಯಾಡಿಸುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ಮೊದಲ ಕೆಲವು ಸ್ಲೈಡುಗಳವರೆಗೆ ಪ್ರಿಯಾಂಕಾಳ ಕಣ್ಣು ವಾಕ್ಯ ಮುಗಿದಾಗಲೆಲ್ಲ ಕೊನೆಯ ಸಾಲಿಗೆ ಓಡಿ ಬರುತ್ತದೆ. ಹಿಕ್ಕೆಯ ಚಿತ್ರ ಬಂದಾಗ ಸಭೆಯಲ್ಲಿ ನಗು ಏಳುತ್ತದೆ, ಅವಳೂ ನಗುತ್ತಾಳೆ. ಆಮೇಲೆ ಅವಳು ಈ ಕಡೆ ನೋಡುವುದನ್ನೇ ಮರೆಯುತ್ತಾಳೆ. ಹೊಲದಲ್ಲಿ ಉದುರಿ ಬಿದ್ದದ್ದನ್ನು ಹಕ್ಕಿ ಆರಿಸಿದ್ದೆಷ್ಟು, ಬೆಳೆದು ನಿಂತದ್ದನ್ನು ಮೇಯ್ದದ್ದೆಷ್ಟು ಎಂದು ಬಿಡಿಸಿ ಹೇಳುತ್ತಾಳೆ. ಕಪ್ಪು ಚಾಚಿದ ಪ್ರಾಧ್ಯಾಪಕರೇ ಎದ್ದು ಕಷ್ಟದ ಪ್ರಶ್ನೆಗಳನ್ನು ಕೇಳುತ್ತಾರೆ. ಅವಳು ಕೈ ಕಟ್ಟದೆ, ಕ್ಷಮೆ ಕೇಳದೆ ಉತ್ತರಿಸುತ್ತಾಳೆ. ಒಂದಕ್ಕೆ ಮಾತ್ರ, ಅದು ನನಗೆ ಇನ್ನೂ ಗೊತ್ತಿಲ್ಲ, ಮುಂದಿನ ಚಳಿಗಾಲ ನೋಡಬೇಕು ಎನ್ನುತ್ತಾಳೆ. ಮುಂದಿನ ಚಳಿಗಾಲ ಎಂದ ಮೇಲೆ ಬಟ್ಟೆ ಅಂಗಡಿಯ ಮಾತು ಮುಗಿದಂತೆಯೇ.

ಚಪ್ಪಾಳೆ ಮುಗಿದು, ಅವಳು ಬಂದು ಅಕ್ಕೋರ ಪಕ್ಕದಲ್ಲಿ ಕೂರುತ್ತಾಳೆ. ಅಕ್ಕೋರು ಅವಳ ಮೊಣಕಾಲನ್ನು ಒಮ್ಮೆ ತಟ್ಟುತ್ತಾರೆ. ಮುಂದಿನ ಸರದಿ ರಾಯಚೂರು ಕಡೆಯ ಒಬ್ಬ ಹುಡುಗಿಯದು. ಇವರಿಗೆ ಪರಿಚಯವಿಲ್ಲದವಳು. ಎರಡನೆಯ ವಾಕ್ಯಕ್ಕೇ ದನಿ ನಿಂತುಹೋಗಿದೆ. ಅವಳ ಕಣ್ಣು ಬಾಗಿಲನ್ನು ಹುಡುಕುತ್ತಿದೆ. ಅಕ್ಕೋರು ಅಭ್ಯಾಸದಂತೆ ಗದ್ದ ಎತ್ತುತ್ತಾರೆ. ಅಷ್ಟರಲ್ಲಿ ಅವರ ಪಕ್ಕದಲ್ಲಿ ಪ್ರಿಯಾಂಕಾ ಆಗಲೇ ಮುಂದಕ್ಕೆ ಬಾಗಿ, ಆ ಹುಡುಗಿಯನ್ನೇ ನೋಡುತ್ತ, ಹೌದು ಹೌದು ಎಂದು ತಲೆಯಾಡಿಸುತ್ತಿದ್ದಾಳೆ. ವೇದಿಕೆಯ ಹುಡುಗಿ ಆ ಮುಖವನ್ನು ಕಾಣುತ್ತಾಳೆ. ಮೂರನೆಯ ವಾಕ್ಯ ಬರುತ್ತದೆ.

ಅಕ್ಕೋರು ಪ್ರಿಯಾಂಕಾಳನ್ನು ಒಮ್ಮೆ ನೋಡಿ, ಮೆಲ್ಲಗೆ ಕುರ್ಚಿಗೆ ಬೆನ್ನು ಕೊಡುತ್ತಾರೆ. ಎಷ್ಟು ವರ್ಷದ ಮೇಲೋ ಏನೋ, ಅವರ ತಲೆ ಅಲುಗಾಡದೆ ನಿಂತಿದೆ. ಹೇಗನ್ನಿಸುತ್ತಿದೆ ಎಂದು ಪಿಸುದನಿಯಲ್ಲಿ ಕೇಳುತ್ತೇನೆ. ಅವರು ವೇದಿಕೆಯಿಂದ ಕಣ್ಣು ತೆಗೆಯದೆ ಬೆರಳನ್ನು ತುಟಿಗಿಡುತ್ತಾರೆ.

"ಸುಮ್ಕಿರ್ರಿ. ಕೇಳಾಕತ್ತೀನಿ."